ಹೆಗಲಿನ ನೋವಿಗೆ ಕಾಲಿನ ಸೂಜಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟು ಸಲ ವಿವರಿಸಿರುವೆನೋ ಲೆಕ್ಕವಿಲ್ಲ. ಕಾರಣವೊಂದು, ಕ್ರಿಯೆಯೊಂದು ಎಂಬ ಅವಿವೇಕಕ್ಕೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ಕನ್ನಡದಲ್ಲಿ ಇನ್ನೊಂದಿಲ್ಲವೆಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು ನಾನು. ಆ ಗಾದೆಯ ಎತ್ತೂ ನಾನೇ, ಎಮ್ಮೆಯೂ ನಾನೇ ಆಗುವ ಪ್ರಸಂಗ ಒದಗೀತೆಂದು ಮಾತ್ರ ಎಂದೂ ಎಣಿಸಿರಲಿಲ್ಲ.

ಬಲಗಾಲಿನ ಕಣಕಾಲಿಗೆ ಸೂಜಿ ಚುಚ್ಚಿಸಿಕೊಂಡು ಊರಿಗೆ ಹೋದ ದಿನ ಅವ್ವ ಹೊಸ್ತಿಲಲ್ಲಿಯೇ ಕೇಳಿದಳು: “ಅಲ್ಲೋ ತಮ್ಮಾ, ಹೆಗಲ ನೋಯ್ತದಂತ ಹೋಗಿ ಕಾಲಿಗಿ ಸೂಜಿ ಚುಚ್ಚಿಸ್ಕೊಂಡು ಬಂದೀ? ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರೀ ಕೊಟ್ಟಂಗಾತಲ್ಲ!” ಅಕ್ಷರವೊಂದನ್ನೂ ಅರಿಯದ ತಾಯಿ ಕನ್ನಡ ಎಂ.ಎ. ಮಾಡಿದ ಮಗನಿಗೆ ಅವನದೇ ಪಾಠವನ್ನು ಒಪ್ಪಿಸಿದ್ದಳು. ಉತ್ತರ ತೋಚದೆ ನಾನು ನಕ್ಕೆ. ಆ ನಗೆಯ ಹಿಂದೆ ಉಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ನಮ್ಮೂರು ಚಿಮ್ಮನಚೋಡ, ಚಿಂಚೋಳಿ ತಾಲ್ಲೂಕಿನ ಹಳ್ಳಿ. ತೊಗರಿಯ ಸೀಮೆ ಇದು. ಇಲ್ಲಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳವರೆಗೆ ಹೋದರೆ ನೆಲದೊಳಗಿನಿಂದ ಹಾಸುಗಲ್ಲು ಏಳುತ್ತದೆ, ಸಿಮೆಂಟಿನ ಕಾರ್ಖಾನೆಗಳ ಹೊಗೆಗೊಳವೆಗಳು ಕಾಣುತ್ತವೆ. ಹೊಲದಲ್ಲಿ ತೊಗರಿಯ ಹೊರೆ, ಗಣಿಯಲ್ಲಿ ಕಲ್ಲಿನ ಹಾಸು, ಮನೆಯಲ್ಲಿ ನೀರಿನ ಕೊಡ: ಹೊರುವುದೇ ಇಲ್ಲಿಯ ಬಾಳುವೆ. ಕನ್ನಡ ಭಾಷೆಯೂ ಹೆಗಲನ್ನು ಮರೆತಿಲ್ಲ. ಸಹಾಯ ಮಾಡಿದವನು ಹೆಗಲು ಕೊಟ್ಟವನು. ಹೊಣೆ ಬಂದರೆ ಅದು ಹೆಗಲೇರಿತು. ಜೊತೆಗೆ ದುಡಿದವರು ಹೆಗಲಿಗೆ ಹೆಗಲಾದವರು. ಕೊನೆಯ ಪಯಣಕ್ಕೂ ನಾಲ್ವರ ಹೆಗಲು ಬೇಕು. ಆದರೆ ಆ ಹೆಗಲೇ ಒಂದು ದಿನ ಒಲ್ಲೆನೆಂದರೆ ಏನು ಗತಿ?

ನನ್ನ ಹೆಗಲು ಒಲ್ಲೆನೆಂದುದು ತರಗತಿಯಲ್ಲಿ. ಕರಿಹಲಗೆಯ ಮೇಲ್ತುದಿಯಲ್ಲಿ ‘ಕವಿರಾಜಮಾರ್ಗ’ವೆಂದು ಬರೆಯಲು ಕೈಯೆತ್ತಿದೆ, ಕೈ ಎದೆಯ ಮಟ್ಟದಲ್ಲಿಯೇ ನಿಂತುಬಿಟ್ಟಿತು. ಮೇಲಕ್ಕೆ ತಳ್ಳಲು ಹೋದರೆ ಹೆಗಲಿನ ಕೀಲಿನಲ್ಲಿ ಕೆಂಡವಿಟ್ಟಂತಾಯಿತು. ಸೀಮೆಸುಣ್ಣವನ್ನು ಎಡಗೈಗೆ ದಾಟಿಸಿ, ನೃಪತುಂಗನ ಕಾಲದ ಆ ಗ್ರಂಥದ ಹೆಸರನ್ನು ಸೊಟ್ಟಸೊಟ್ಟಾಗಿ ಗೀಚಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದಕ್ಕೆ ಮೊದಲೂ ಮೂರು ತಿಂಗಳು ಅಂಗಿಯ ತೋಳಿನಲ್ಲಿ ಕೈ ತೂರಿಸುವುದು, ಬೆನ್ನು ತಿಕ್ಕಿಕೊಳ್ಳುವುದು ಕಷ್ಟವಾಗಿದ್ದಿತು. ರಾತ್ರಿ ಬಲ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು. ವಯಸ್ಸೆಂದು ಸುಮ್ಮನಿದ್ದೆ. ವಿದ್ಯಾರ್ಥಿಯ ನಗೆ ನನ್ನನ್ನು ವೈದ್ಯರ ಬಳಿಗೆ ಅಟ್ಟಿತು.

ರೋಗದ ಹೆಸರು ‘ಹೆಪ್ಪುಗಟ್ಟಿದ ಹೆಗಲು.’ ಇಂಗ್ಲಿಷಿನಲ್ಲಿ ಫ್ರೋಜನ್ ಶೋಲ್ಡರ್. ಅಮೆರಿಕೆಯ ಶಸ್ತ್ರವೈದ್ಯ ಕಾಡ್‌ಮನ್ 1934ರಲ್ಲಿ ಇಟ್ಟ ಹೆಸರಿದು. ಜಪಾನೀಯರು ಇದನ್ನೇ ‘ಐವತ್ತರ ಹೆಗಲು’ ಎನ್ನುತ್ತಾರೆ. ನಲವತ್ತು ಅರವತ್ತರ ನಡುವಿನವರನ್ನು ಇದು ಹುಡುಕಿಕೊಂಡು ಬರುವುದರಿಂದ ಆ ಹೆಸರು ಸಾರ್ಥಕವಾಗಿದೆ. ಕೀಲನ್ನು ಸುತ್ತಿದ ಪೊರೆ ಊದಿ, ದಪ್ಪವಾಗಿ, ಬಿಗಿದುಕೊಳ್ಳುತ್ತದೆ. ಮೊದಲು ನೋವಿನ ಕಾಲ, ಆಮೇಲೆ ಬಿಗಿತದ ಕಾಲ, ಕಡೆಗೆ ನಿಧಾನವಾಗಿ ಸಡಿಲುವ ಕಾಲ. ಒಟ್ಟಿನಲ್ಲಿ ಒಂದರಿಂದ ಮೂರು ವರ್ಷ. ಮಧುಮೇಹವಿದ್ದವರಲ್ಲಿ ಇದು ಹೆಚ್ಚು. ವೈದ್ಯರು ರಕ್ತ ಪರೀಕ್ಷಿಸಿದಾಗ ನನ್ನಲ್ಲಿಯೂ ಸಕ್ಕರೆಯ ಅಂಶ ಏರಿದ್ದುದು ತಿಳಿಯಿತು. ಹೆಗಲು ನೊಂದಿರದಿದ್ದರೆ ಅದು ಇನ್ನೆಷ್ಟು ವರ್ಷ ಗುಪ್ತವಾಗಿ ಕುಳಿತಿರುತ್ತಿತ್ತೋ! ಗುಳಿಗೆ, ಪಥ್ಯ, ದಿನವೂ ಗೋಡೆಗೆ ಬೆರಳೂರಿ ಇರುವೆಯಂತೆ ಕೈಯನ್ನು ಮೇಲೇರಿಸುವ ವ್ಯಾಯಾಮ: ಇವು ಮೊದಲ ಆಜ್ಞೆಗಳು. ನೋವು ತಾಳಲಾರದೆ ಹೋದಾಗ, ಸೂಜಿಚಿಕಿತ್ಸೆಯನ್ನೂ ಕಲಿತ ಇನ್ನೊಬ್ಬ ವೈದ್ಯರನ್ನು ಕಲಬುರಗಿಯಲ್ಲಿ ಕಂಡೆ.

ಹೆಗಲಿಗೆ ಸೂಜಿ ಚುಚ್ಚಿಯಾರೆಂದು ನಾನು ಅಂಗಿಯ ಗುಂಡಿ ಬಿಚ್ಚತೊಡಗಿದರೆ ಅವರು, “ಪಂಚೆ ಮೊಣಕಾಲಿನವರೆಗೆ ಎತ್ತಿ ಸಾಕು,” ಎಂದರು. ಮೊಣಕಾಲಿಗೂ ಹರಡಿಗೂ ನಟ್ಟನಡುವೆ, ಕಣಕಾಲೆಲುಬಿನ ಏಣಿನಿಂದ ಹೊರಕ್ಕೆ ಒಂದು ಬೆರಳಗಲದಷ್ಟು ಸರಿದು ಅವರು ಒಂದು ಬಿಂದುವನ್ನು ಗುರುತಿಸಿದರು. ಚೀನೀಯರು ಅದನ್ನು ‘ತಿಯಾವ್‌ಕೋ’ ಎಂದು ಕರೆಯುತ್ತಾರೆ. ಉದ್ದನೆಯ ಪಟ್ಟಿಯ ಬಾಯಿ ಎಂಬಂತಹ ಅರ್ಥ. ಅವರ ಎಣಿಕೆಯಲ್ಲಿ ಜಠರದ ನಾಡಿಮಾರ್ಗದ 38ನೆಯ ಬಿಂದು. ಕೂದಲಿಗಿಂತ ತುಸುವೇ ದಪ್ಪನೆಯ ಒಂದು ಸೂಜಿ ಒಳಗಿಳಿಯಿತು. ನೋವೆನ್ನುವಂತಿಲ್ಲ; ಭಾರವಾದುದೊಂದು ಒಳಗೆ ಜೋಮುಗಟ್ಟಿದಂತಾಯಿತು. ವೈದ್ಯರು ಸೂಜಿಯನ್ನು ಮೆಲ್ಲನೆ ತಿರುವುತ್ತ, “ಈಗ ಕೈಯೆತ್ತಿ,” ಎಂದರು. ಎತ್ತಿದೆ. ಎದೆಯ ಮಟ್ಟದಲ್ಲಿ ನಿಲ್ಲುತ್ತಿದ್ದ ಕೈ ಗಲ್ಲದವರೆಗೆ ಹೋಯಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಆದರೆ ಆ ನಾಲ್ಕು ಬೆರಳಿನಷ್ಟು ಎತ್ತರ ನನ್ನ ಪಾಲಿಗೆ ಸಣ್ಣದಾಗಿರಲಿಲ್ಲ.

ಬಿಂದುವನ್ನು ಅಳೆದ ಬಗೆ ನನ್ನ ಕುತೂಹಲವನ್ನು ಕೆರಳಿಸಿತು. ಚೀನೀ ಪದ್ಧತಿಯಲ್ಲಿ ಅಳತೆಗೋಲು ಪರರದಲ್ಲ. ರೋಗಿಯ ಹೆಬ್ಬೆರಳಿನ ಅಗಲವೇ ಒಂದು ‘ತ್ಸುನ್’, ಅವನ ನಾಲ್ಕು ಬೆರಳು ಕೂಡಿದರೆ ಮೂರು. ನಮ್ಮ ಆಯುರ್ವೇದವೂ ‘ಸ್ವಾಂಗುಲ’ವೆಂದು ಹೇಳುವುದು ಇದನ್ನೇ: ಅವರವರ ದೇಹಕ್ಕೆ ಅವರವರ ಬೆರಳೇ ಪ್ರಮಾಣ. ಎರಡು ದೂರದ ನಾಡುಗಳ ವೈದ್ಯರು ಒಬ್ಬ ರೋಗಿಯ ಅಳತೆಯಿಂದ ಇನ್ನೊಬ್ಬನನ್ನು ಅಳೆಯಲಾಗದೆಂದು ಕಂಡುಕೊಂಡಿದ್ದರೆಂಬುದು ಸಂತೋಷದ ಸಂಗತಿ.

ಹೆಗಲಿನ ಮೇಲೆಯೇ ಇರುವ ಬಿಂದುಗಳೂ ಉಂಟು. ಕೈಯನ್ನು ಪಕ್ಕಕ್ಕೆ ಎತ್ತಿದಾಗ ಹೆಗಲಿನ ತುದಿಯೆಲುಬಿನ ಮುಂಭಾಗದಲ್ಲಿ ಬೀಳುವ ಸಣ್ಣ ಗುಳಿಗೆ ‘ಜಿಯಾನ್‌ಯು’ ಎಂದು ಹೆಸರು. ಇದರ ಬಗೆಗೆ ಚೀನದ ಪ್ರಾಚೀನ ಇತಿಹಾಸಗ್ರಂಥದಲ್ಲಿ ಒಂದು ಪ್ರಸಂಗವಿದೆ. ಸುಯಿ ರಾಜವಂಶದ ಕಾಲದಲ್ಲಿ ಒಬ್ಬ ಪ್ರಾಂತ್ಯಾಧಿಕಾರಿಗೆ ವಾತ ಹಿಡಿದು ಬಿಲ್ಲನ್ನು ಎಳೆಯಲಾರದೆ ಹೋದನು. ವೈದ್ಯರೆಲ್ಲ ಕೈಚೆಲ್ಲಿದರು. ಆಗ ಜೆನ್ ಚುವಾನ್ ಎಂಬ ವೈದ್ಯನು ಬಂದು, ಬಿಲ್ಲುಬಾಣಗಳನ್ನು ಹಿಡಿದು ಗುರಿಯ ಕಡೆ ತಿರುಗಿ ನಿಲ್ಲುವಂತೆ ಅವನಿಗೆ ಹೇಳಿದನು. ಜಿಯಾನ್‌ಯು ಬಿಂದುವಿಗೆ ಒಂದೇ ಸೂಜಿ ಚುಚ್ಚಿದನು. ಅಧಿಕಾರಿ ಆಗಲೇ ಬಾಣ ಬಿಟ್ಟನಂತೆ. ಈ ಜೆನ್ ಚುವಾನ್ ವೈದ್ಯವನ್ನು ಕಲಿತುದು ತನ್ನ ತಾಯಿಯ ಕಾಯಿಲೆಯ ನಿಮಿತ್ತವಾಗಿ. ಅವನು ನೂರು ದಾಟಿ ಬದುಕಿದನು. 643ರಲ್ಲಿ ತಾಂಗ್ ವಂಶದ ಚಕ್ರವರ್ತಿ ತೈತ್ಸುಂಗನು ತಾನೇ ಅವನ ಮನೆಗೆ ಬಂದು ಆಹಾರವಿಹಾರಗಳನ್ನು ವಿಚಾರಿಸಿದನೆಂದು ಅದೇ ಗ್ರಂಥ ಹೇಳುತ್ತದೆ. ಚರಿತ್ರಕಾರರು ಅದ್ಭುತಗಳನ್ನು ಪ್ರೀತಿಸುವವರು. ಸೋತ ಚಿಕಿತ್ಸೆಗಳನ್ನು ಅವರು ಬರೆದಿಡುವುದಿಲ್ಲ. ಆದರೂ ತಾಯಿಗಾಗಿ ವೈದ್ಯನಾದವನ ಕಥೆ ನನ್ನ ಮನಸ್ಸಿನಲ್ಲಿ ನಿಂತಿತು.

ಇಂತಹ ವಿದ್ಯೆ ನಮ್ಮಲ್ಲಿ ಇರಲಿಲ್ಲವೆ? ಇದ್ದಿತು, ಆದರೆ ಬೇರೆ ರೀತಿಯಲ್ಲಿ. ಸುಶ್ರುತನು ದೇಹದಲ್ಲಿ 107 ಮರ್ಮಗಳನ್ನು ಎಣಿಸಿದನು. ಅವುಗಳಲ್ಲಿ ‘ಅಂಸ’ವೆಂಬುದು ಹೆಗಲನ್ನು ಬಂಧಿಸುವ ಮರ್ಮ, ಅದಕ್ಕೆ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆ ಎನ್ನುತ್ತಾನೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಚೀನೀಯನ ಬಿಂದು ಚುಚ್ಚಬೇಕಾದ ಸ್ಥಳ. ಸುಶ್ರುತನ ಮರ್ಮ ಚುಚ್ಚದೆ ಕಾಪಾಡಬೇಕಾದ ಸ್ಥಳ. ಶಸ್ತ್ರ ಹಿಡಿದವನು ಎಲ್ಲಿ ಕೈ ತಡೆಯಬೇಕೆಂಬ ಎಚ್ಚರಿಕೆಯೇ ಮರ್ಮಶಾಸ್ತ್ರದ ಮೂಲ. ಎರಡೂ ಒಂದೇ ಎಂದು ಇಂದು ಸುಲಭವಾಗಿ ಹೇಳುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಹೆಗಲು ಬಿಗಿಯುವ ರೋಗವನ್ನು ಮಾತ್ರ ನಮ್ಮವರು ‘ಅವಬಾಹುಕ’ವೆಂದು ಹೆಸರಿಸಿ ಚೆನ್ನಾಗಿ ಬಲ್ಲವರಾಗಿದ್ದರು.

ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯ ಆ ರಾಜಧಾನಿಯ ಕಾಲದಲ್ಲಿ ಕವಿರಾಜಮಾರ್ಗವಷ್ಟೇ ಅಲ್ಲ, ವೈದ್ಯವೂ ಬೆಳೆಯಿತು. ಜೈನಮುನಿ ಉಗ್ರಾದಿತ್ಯನು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದನು, ಔಷಧಕ್ಕೆ ಮಾಂಸ ಬೇಡವೆಂಬ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ಅದರಲ್ಲಿ ಹೇಳಿಕೊಂಡಿದ್ದಾನೆ. ಈ ಗ್ರಂಥ 1940ರಲ್ಲಿ ಸೋಲಾಪುರದಿಂದ ಅಚ್ಚಾಗಿ ಹೊರಬಂದಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕೊಟ್ಟನು. ರೋಗಿಯ ಭಾಷೆಯಲ್ಲಿ ವೈದ್ಯ ಇರಬೇಕೆಂಬ ಆ ಹಂಬಲ ಇಂದಿಗೂ ಪೂರ್ತಿಯಾಗಿ ಕೈಗೂಡಿಲ್ಲ.

ಸೋಲಾಪುರದ ಹೆಸರು ಬಂದಿತು. ಕನ್ನಡ ಮರಾಠಿಗಳೆರಡೂ ಬೆರೆತಿರುವ ಆ ಊರಿನಲ್ಲಿ 1910ರಲ್ಲಿ ಹುಟ್ಟಿದವರು ಡಾಕ್ಟರ್ ದ್ವಾರಕಾನಾಥ ಕೋಟಣೀಸ್. ಜಪಾನಿನ ಆಕ್ರಮಣಕ್ಕೆ ಸಿಕ್ಕಿ ನರಳುತ್ತಿದ್ದ ಚೀನಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರ ತಂಡದಲ್ಲಿ ಅವರೊಬ್ಬರು. ಗಾಯಾಳುಗಳ ಶುಶ್ರೂಷೆಯಲ್ಲಿಯೇ ಜೀವ ಸವೆಸಿ, 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ ಅಲ್ಲಿಯೇ ಮಣ್ಣಾದರು. ಕೋಟಣೀಸರು ಶಸ್ತ್ರವೈದ್ಯರು, ಸೂಜಿಚಿಕಿತ್ಸಕರಲ್ಲ. ಆದರೆ ಅದೇ ತಂಡದಲ್ಲಿದ್ದ ಬಂಗಾಳದ ಡಾಕ್ಟರ್ ಬಿಜಯಕುಮಾರ ಬಸು ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು ಬಂದು ಕಲಕತ್ತೆಯಲ್ಲಿ ಪ್ರಾರಂಭಿಸಿದರು. ಗೆಳೆಯನ ನೆನಪಿನ ಸಮಿತಿಯ ಮೂಲಕ ಅದನ್ನು ಹರಡಿದರು. ಇಂದು ಭಾರತದಲ್ಲಿ ಸೂಜಿ ಹಿಡಿದ ಅನೇಕರು ಅವರ ಶಿಷ್ಯಪರಂಪರೆಗೆ ಸೇರಿದವರು. ನನ್ನ ಕಾಲಿಗೆ ಇಳಿದ ಸೂಜಿಯ ಹಿಂದೆ ಯುದ್ಧಭೂಮಿಯ ಒಂದು ಸ್ನೇಹವಿತ್ತೆಂದು ತಿಳಿದಾಗ ಅದರ ಮೇಲೆ ಗೌರವ ಹುಟ್ಟಿತು.

ಗೌರವ ಹುಟ್ಟಿತೆಂದು ವಿಚಾರವನ್ನು ಬಿಡಲಾದೀತೆ? ಅವ್ವನ ಪ್ರಶ್ನೆ ಹಾಗೆಯೇ ಉಳಿದಿದ್ದಿತು. ಹೆಗಲಿಗೂ ಕಾಲಿಗೂ ಏನು ನಂಟು? ಚೀನೀ ವೈದ್ಯರ ಉತ್ತರ ಸರಳ: ‘ಚೀ’ ಎಂಬ ಪ್ರಾಣಶಕ್ತಿ ದೇಹದಲ್ಲಿ ಹನ್ನೆರಡು ಮುಖ್ಯ ಮಾರ್ಗಗಳಲ್ಲಿ ಹರಿಯುತ್ತದೆ; ಕಾಲುವೆ ಕಟ್ಟಿಕೊಂಡರೆ ನೋವು; ದೂರದ ತೂಬನ್ನು ತೆರೆದರೂ ನೀರು ಹರಿಯುತ್ತದೆ. ಕಲ್ಪನೆ ಸುಂದರವಾಗಿದೆ. ಆದರೆ ಹೆಣವನ್ನು ಕೊಯ್ದು ನೋಡಿದವರಿಗೆ ಅಂತಹ ಕಾಲುವೆಗಳು ಕಂಡಿಲ್ಲ. ವಿಜ್ಞಾನಿಗಳ ಉತ್ತರ ಬೇರೆ. ಸೂಜಿ ನರಗಳನ್ನು ಕೆರಳಿಸುತ್ತದೆ. ಮಿದುಳು ತಾನೇ ಅಫೀಮಿನಂತಹ ನೋವುಶಾಮಕ ದ್ರವ್ಯಗಳನ್ನು ಸ್ರವಿಸುತ್ತದೆ. ಅಫೀಮಿನ ಪ್ರಭಾವವನ್ನು ತಡೆಯುವ ಔಷಧವನ್ನು ಕೊಟ್ಟರೆ ಸೂಜಿಯ ಪ್ರಭಾವವೂ ಇಳಿಯುವುದೆಂದು 1977ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು.

ಪರೀಕ್ಷೆಗಳೂ ನಡೆದಿವೆ. ನನ್ನ ಕಾಲಿಗೆ ಚುಚ್ಚಿದ ಈ ತಿಯಾವ್‌ಕೋ ಬಿಂದುವನ್ನೇ ಸ್ಪೇನ್ ದೇಶದಲ್ಲಿ 425 ಮಂದಿ ರೋಗಿಗಳ ಮೇಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲರಿಗೂ ಅಂಗಮರ್ದನ ವ್ಯಾಯಾಮಾದಿಗಳ ಚಿಕಿತ್ಸೆ. ಅರ್ಧ ಜನರಿಗೆ ಅದರೊಂದಿಗೆ ವಾರಕ್ಕೊಮ್ಮೆಯಂತೆ ಮೂರು ವಾರ ಒಂದೇ ಒಂದು ಸೂಜಿ. ಉಳಿದವರಿಗೆ ವಿದ್ಯುತ್ತು ಹರಿಯದ ಸೋಗಿನ ಯಂತ್ರ. ನೂರು ಅಂಕಗಳ ಮಾಪನದಲ್ಲಿ ಸೂಜಿಯವರು ಸುಮಾರು 16.6 ಅಂಕ ಚೇತರಿಸಿಕೊಂಡರೆ ಇತರರು 10.6. ನೋವಿನ ಗುಳಿಗೆಯನ್ನು ಕಡಿಮೆ ಮಾಡಿದವರು ಸೂಜಿಯವರಲ್ಲಿ ನೂರಕ್ಕೆ 53, ಇತರರಲ್ಲಿ 30. ಆದರೆ ಅವರ ರೋಗ ನನ್ನದಲ್ಲ. ತುದಿಯೆಲುಬಿನ ಕೆಳಗೆ ಸ್ನಾಯುವಿನ ಹುರಿ ನಲುಗುವುದರಿಂದ ಬಂದ ನೋವು ಅದು. ಜರ್ಮನಿಯಲ್ಲಿ 424 ಹೆಗಲು ನೋವಿನವರ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು: ನಿಜವಾದ ಸೂಜಿಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 65, ಬಿಂದುವಲ್ಲದ ಕಡೆ ಸುಮ್ಮನೆ ಚುಚ್ಚಿಸಿಕೊಂಡವರಲ್ಲಿ 24, ವಾಡಿಕೆಯ ಚಿಕಿತ್ಸೆಯವರಲ್ಲಿ 37 ಜನರ ನೋವು ಅರ್ಧಕ್ಕಿಂತ ಕಡಿಮೆಯಾಗಿದ್ದಿತು.

ಇಲ್ಲಿಗೆ ವಾದ ಮುಗಿಯಿತೆಂದು ಅವ್ವನ ಎದುರು ಗೆಲುವಿನಿಂದ ನಿಲ್ಲಬಹುದಿತ್ತು. ಆದರೆ ಅದೇ ಜರ್ಮನಿಯಲ್ಲಿ 1,162 ಮಂದಿ ಬೆನ್ನುನೋವಿನವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆ ನನ್ನ ಬಾಯಿ ಕಟ್ಟಿತು. ಅಲ್ಲಿ ನಿಜವಾದ ಸೂಜಿಯಿಂದ ನೂರಕ್ಕೆ 47.6, ಸೋಗಿನ ಸೂಜಿಯಿಂದ 44.2, ವಾಡಿಕೆಯ ಚಿಕಿತ್ಸೆಯಿಂದ 27.4 ಜನ ಗುಣ ಕಂಡರು. ಸೂಜಿ ಉಪಕಾರ ಮಾಡಿತು, ನಿಜ. ಆದರೆ ಎಲ್ಲಿ ಚುಚ್ಚಿದರೂ ಬಹುಮಟ್ಟಿಗೆ ಅಷ್ಟೇ ಉಪಕಾರವಾಯಿತು. ಹಾಗಾದರೆ ಗುಣಪಡಿಸಿದುದು ಬಿಂದುವೊ, ಚುಚ್ಚುವಿಕೆಯೊ, ಅರ್ಧ ಗಂಟೆ ಹತ್ತಿರ ಕುಳಿತು ನೋವನ್ನು ಕೇಳಿದ ವೈದ್ಯನ ಕಿವಿಯೊ?

ಈ ಸಂದೇಹ ನನ್ನನ್ನು ಅಪ್ಪನ ಕಡೆಗೆ ಕೊಂಡೊಯ್ದಿತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಪ್ಪನ ಎಡಹೆಗಲು ಹೀಗೆಯೇ ಬಿಗಿದಿದ್ದಿತು. ಪಕ್ಕದ ಹಳ್ಳಿಯವನೊಬ್ಬನು ಕಬ್ಬಿಣದ ಸರಳನ್ನು ಕಾಸಿ ಹೆಗಲಿನ ಮೇಲೆ ಮೂರು ಬರೆ ಎಳೆದನು. ಆ ಚುರ್ ಎಂಬ ಸದ್ದೂ ಸುಟ್ಟ ಚರ್ಮದ ವಾಸನೆಯೂ ಇಂದಿಗೂ ಮರೆತಿಲ್ಲ. ಹುಣ್ಣು ಕೀವಾಗಿ, ಮಾಗಲು ಒಂದು ತಿಂಗಳಾಯಿತು. ಎರಡು ವರ್ಷದ ಮೇಲೆ ಕೈ ಮೇಲೆ ಬಂದಿತು. “ಬರೀ ನಾಟ್ತು,” ಎಂದು ಊರೆಲ್ಲ ಹೇಳಿತು. ಬರೆ ಎಳೆಸದಿದ್ದರೂ ಹೆಗಲು ಎರಡು ವರ್ಷಕ್ಕೆ ಸಡಿಲುತ್ತಿತ್ತೆಂದು ಇಂದು ನಾನು ಬಲ್ಲೆ. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು: ಕಾಕತಾಳೀಯ ನ್ಯಾಯ. ಚೀನೀಯರ ವೈದ್ಯದ ಹೆಸರೂ ‘ಸೂಜಿ ಮತ್ತು ಸುಡುವಿಕೆ’ ಎಂದೇ; ಮಾಚಿಪತ್ರೆಯ ಜಾತಿಯ ಸೊಪ್ಪನ್ನು ಚರ್ಮದ ಬಳಿ ಉರಿಸಿ ಕಾವು ಕೊಡುವುದು ಅದರ ಇನ್ನೊಂದು ಅಂಗ. ಹಾಗಿರುವಾಗ ಅಪ್ಪನ ಬರೆಗೂ ನನ್ನ ಸೂಜಿಗೂ ಏನು ಭೇದ? ಭೇದವಿದೆ. ಬರೆಯನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ. ಸೂಜಿ ಪರೀಕ್ಷೆಗೆ ನಿಂತಿತು, ಕೆಲವೆಡೆ ಗೆದ್ದಿತು, ಕೆಲವೆಡೆ ತೊದಲಿತು. ಬರೆ ಹುಣ್ಣನ್ನು ಕೊಟ್ಟಿತು; ಶುದ್ಧವಾದ ಸೂಜಿ ಬಲ್ಲವರ ಕೈಯಲ್ಲಿ ಬಹಳವಾಗಿ ಏನನ್ನೂ ಕೆಡಿಸುವುದಿಲ್ಲ.

ಬಲ್ಲವರ ಕೈಯಲ್ಲಿ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಕತ್ತಿಗೂ ಹೆಗಲಿಗೂ ನಡುವೆ ‘ಜಿಯಾನ್‌ಜಿಂಗ್’ ಅಂದರೆ ‘ಹೆಗಲ ಬಾವಿ’ ಎಂಬ ಬಿಂದುವಿದೆ. ಅದರ ಕೆಳಗೇ ಶ್ವಾಸಕೋಶದ ತುದಿ. ಆಳ ತಪ್ಪಿದರೆ ಎದೆಯೊಳಗೆ ಗಾಳಿ ಸೇರಿ ಪ್ರಾಣಕ್ಕೆ ಸಂಚಕಾರ. ಗರ್ಭಿಣಿಯರಿಗೆ ಆ ಬಿಂದುವನ್ನು ಪರಂಪರೆಯೇ ನಿಷೇಧಿಸಿದೆ. ಎಲ್ಲಕ್ಕೂ ಮಿಗಿಲಾಗಿ, ಹೆಗಲಿನಲ್ಲಿ ಕಂಡ ನೋವೆಲ್ಲ ಹೆಗಲಿನದಲ್ಲ. ಎಡಹೆಗಲಿನ ನೋವಿನೊಂದಿಗೆ ಎದೆ ಬಿಗಿದು, ಬೆವರಿ, ಉಸಿರು ಕಟ್ಟಿದರೆ ಅದು ಹೃದಯದ ಕೂಗಾಗಿರಬಹುದು. ಆಗ ಸೂಜಿಯನ್ನೂ ಎಣ್ಣೆಯನ್ನೂ ಹುಡುಕದೆ ಆಸ್ಪತ್ರೆಗೆ ಓಡಬೇಕು. ನೋವು ಒಂದು ಕಡೆ, ಮೂಲ ಇನ್ನೊಂದು ಕಡೆ ಇರುವುದೆಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗಾದೆಯ ಎತ್ತು ಎಮ್ಮೆಗಳು ಬೇರೆಬೇರೆ. ದೇಹ ಮಾತ್ರ ಒಂದೇ. ಅವ್ವನಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ಮೂರು ವಾರದ ಮೇಲೆ ಈ ಉತ್ತರವನ್ನು ಸಿದ್ಧಪಡಿಸಿಕೊಂಡು ಊರಿಗೆ ಹೋದೆ. ನನ್ನ ಕೈ ಕಿವಿಯ ಮಟ್ಟಕ್ಕೆ ಬಂದಿದ್ದಿತು. ಸೂಜಿಯಿಂದಲೊ, ವ್ಯಾಯಾಮದಿಂದಲೊ, ಸಕ್ಕರೆ ಇಳಿದುದರಿಂದಲೊ, ಬರಿಯ ಕಾಲದಿಂದಲೊ ನಾನು ಹೇಳಲಾರೆ. ಅವ್ವ ನಾನು ಕೈಯೆತ್ತುವುದನ್ನು ಎವೆಯಿಕ್ಕದೆ ನೋಡಿದಳು. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ಆ ಸೂಜಿ ಸುಡಂಗಿಲ್ಲೇನು ತಮ್ಮಾ?”

ಇಲ್ಲವೆಂದೆ. ಆಗ ಅವಳು ತನ್ನ ಬಲಗೈಯನ್ನು ಎತ್ತಿ ತೋರಿಸಿದಳು. ಅದು ಎದೆಯ ಮಟ್ಟದಲ್ಲಿಯೇ ನಿಂತಿತು.

ನನ್ನ ಕಣ್ಣು ಗೋಡೆಯ ಗೂಡಿನ ಕಡೆಗೆ ಹೋಯಿತು. ನಾನು ಹುಟ್ಟುವ ಮೊದಲಿನಿಂದ ಆ ಗೂಡಿನಲ್ಲಿ ಸಂಜೆಯ ದೀಪ ಉರಿಯುತ್ತಿತ್ತು. ಈಗ ಎರಡು ವರ್ಷದಿಂದ ಅವ್ವ ಅದನ್ನು ನೆಲದ ಮೇಲೆ, ಮಣೆಯ ಪಕ್ಕದಲ್ಲಿ ಹಚ್ಚುತ್ತಿದ್ದಳು. ಪ್ರತಿ ಸಲ ಊರಿಗೆ ಬಂದಾಗಲೂ ನೋಡಿದ್ದೆ, ಒಮ್ಮೆಯೂ ಏಕೆಂದು ಕೇಳಿರಲಿಲ್ಲ. ಅಪ್ಪನ ಹೆಗಲಿನ ಮೂರು ಬರೆಗಳನ್ನು ಕಣ್ಣಾರೆ ಕಂಡವಳು. ನೋವನ್ನು ಹೇಳಿಕೊಂಡರೆ ತನಗೂ ಅದೇ ಚಿಕಿತ್ಸೆಯಾದೀತೆಂದು ಬಾಯಿ ಮುಚ್ಚಿಕೊಂಡಿದ್ದಳು. ಸ್ಪೇನಿನ, ಜರ್ಮನಿಯ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಬಂದ ನನಗೆ ನಮ್ಮ ಮನೆಯ ಗೂಡಿನ ಲೆಕ್ಕ ತಿಳಿದಿರಲಿಲ್ಲ.

ಮರುದಿನವೇ ಅವಳನ್ನು ಕಲಬುರಗಿಗೆ ಕರೆದೊಯ್ದೆ. ಮೊದಲು ಸಕ್ಕರೆ ಹೃದಯಗಳ ಪರೀಕ್ಷೆ, ಆಮೇಲೆ ವ್ಯಾಯಾಮ, ಕೊನೆಗೆ ಸೂಜಿ. ವೈದ್ಯರು ಕಾಲನ್ನು ಮುಟ್ಟಿದಾಗ ಅವಳು ನನ್ನ ಮುಖ ನೋಡಿ ನಕ್ಕಳು. ಗಾದೆಯನ್ನು ಮಾತ್ರ ಹೇಳಲಿಲ್ಲ. ಈಗ ಅವಳ ಕೈ ಹೆಗಲಿನ ಮಟ್ಟ ದಾಟಿದೆ. ತಲೆಯನ್ನು ತಾನೇ ಬಾಚಿಕೊಳ್ಳುತ್ತಾಳೆ. ದೀಪ ಇನ್ನೂ ಗೂಡಿಗೆ ಏರಿಲ್ಲ.